ಹೋಗದೆ ಉಳಿದವರು

ಹೋದ ವರ್ಷ ನನ್ನ ತಂಗಿ ಗಂಡ, ಮಕ್ಕಳೊಂದಿಗೆ ಕೆನಡಾಕ್ಕೆ ಹೊರಟಳು. ಕೊನೆಯ ವಾರವೆಲ್ಲ ಮನೆಯಲ್ಲಿ ತೂಕದ್ದೇ ಮಾತು. ಚಟ್ನಿಪುಡಿ ಪೆಟ್ಟಿಗೆಯೊಳಗೆ ಹೋಯಿತು. ಅಮ್ಮನ ಹಿತ್ತಾಳೆ ಕುಟ್ಟಾಣಿ ಭಾರವೆಂದು ಹೊರಗೆ ಬಂತು. “ಅಕ್ಕಾ, ನೀನೂ ಬಂದ್ಬಿಡು. ಅಮ್ಮನೂ ಇಲ್ಲ, ಇನ್ನು ಇಲ್ಲಿ ನಿನಗೆ ಯಾರಿದ್ದಾರೆ?” ಎಂದಳು. ನನ್ನೊಡನೆ 22 ವರ್ಷ ಒಂದೇ ಸ್ಟಾಫ್‌ರೂಮಿನಲ್ಲಿ ಕುಳಿತ ಗೆಳತಿ ಅಲ್ಲೇ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದಳು. ಮಾತು ಅವಳ ಕಿವಿಗೂ ಬಿತ್ತು.

ನನಗೆ ತಟ್ಟನೆ ಕೊಚ್ಚಿಯ ಮಟ್ಟಂಚೇರಿ ನೆನಪಾಯಿತು. ಹಿಂದೊಮ್ಮೆ ಶಾಲೆಯ ಹುಡುಗಿಯರನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದಾಗ, ಯಹೂದಿ ಬೀದಿಯ ಒಂದು ಕಿಟಕಿಯ ಬಳಿ ವೃದ್ಧೆಯೊಬ್ಬರು ಕೂತಿದ್ದರು. ಅವರೇ ಕಸೂತಿಯ ಸಾರಾ ಕೋಹೆನ್ ಎಂದು ಆಮೇಲೆ ತಿಳಿಯಿತು.

ಆ ಬೀದಿಯ ಸಿನಗಾಗ್ 1568ರದು, ಅರಮನೆಯ ಮಗ್ಗುಲಿಗೇ ಇದೆ. ಅಲ್ಲಿನ ಯಹೂದಿಗಳನ್ನು ಕೊಚ್ಚಿಯ ರಾಜರಾಗಲಿ ನೆರೆಹೊರೆಯವರಾಗಲಿ ಓಡಿಸಿದವರಲ್ಲ. ಆದರೆ 1948ರಲ್ಲಿ ಇಸ್ರೇಲ್ ಹುಟ್ಟಿತು. ಧರ್ಮದ ಕರೆ, ಹೊಸ ಬದುಕಿನ ಆಸೆ ಎರಡೂ ಸೇರಿದವು. ಮನೆ ಮಾರಿ ಗಂಟು ಕಟ್ಟಿದ ಮೇಲೂ ಕೆಲವರು ಕಾಯಬೇಕಾಯಿತು. ಆನೆಕಾಲು ರೋಗ ಹಬ್ಬೀತೆಂದು ಅಲ್ಲಿನ ಅಧಿಕಾರಿಗಳಿಗೆ ಹೆದರಿಕೆ! ಕೊನೆಗೆ 1953-55ರ ಹೊತ್ತಿಗೆ 2,000ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಹೊರಟುಬಿಟ್ಟರು. ಹಿನ್ನೀರು, ತೆಂಗಿನ ನೆರಳು ಕಂಡವರು ನೆಗೆವ್ ಮರುಭೂಮಿಯ ನೆವಾತಿಮ್‌ನಲ್ಲಿ ಬೇಸಾಯ ಮಾಡಿದರು. ಹೆಂಗಸರು ಕೈಯಲ್ಲಿ ಬರೆದಿಟ್ಟುಕೊಂಡಿದ್ದ ಮಲಯಾಳಂ ಹಾಡಿನ ಪುಸ್ತಕಗಳೂ ಜೊತೆಗೆ ಹೋದವು. ಅವನ್ನು ಯಾರೂ ತೂಕ ಮಾಡಿರಲಾರರು.

ಉಳಿದವರ ಕಷ್ಟ ಬೇರೆ. ಸಾಮೂಹಿಕ ಪ್ರಾರ್ಥನೆಗೆ 10 ಜನ ಗಂಡಸರು ಬೇಕು. ಒಂದೊಂದು ಮನೆ ಖಾಲಿಯಾದಾಗಲೂ ಲೆಕ್ಕ ಕುಸಿಯಿತು. ಹೋದವರು ಉಳಿದವರ ಪೂಜೆಯನ್ನೂ ಅಷ್ಟಷ್ಟು ಒಯ್ದಂತಾಯಿತು. ಹೆಂಗಸರು ಆ ಲೆಕ್ಕಕ್ಕೇ ಇಲ್ಲ. ದಿನವೂ ಹಾಜರಿ ಕೂಗುವ ನನಗೆ ಇದು ಚುಚ್ಚುತ್ತದೆ.

ಸಾರಾ ಮತ್ತು ಪತಿ ಜೇಕಬ್ ಹೋಗಲಿಲ್ಲ. ಮಕ್ಕಳಿರಲಿಲ್ಲ. 1980ರ ದಶಕದಲ್ಲಿ ಆ ಬೀದಿಯಲ್ಲಿ ಪ್ರವಾಸಿಗರಿಗೆ ಪೋಸ್ಟ್‌ಕಾರ್ಡ್ ಮಾರುತ್ತಿದ್ದ ಮುಸ್ಲಿಂ ಹುಡುಗ ಥಾಹಾ ಇಬ್ರಾಹಿಂ, ಸರಕು ಇಡಲು ಜಾಗವಿಲ್ಲದೆ ಅವರ ಮನೆಗೆ ಬಂದ. ಮೊದಲು ಸಾರಾಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ. ಬರಬರುತ್ತ ಅವರ ಹೊಲಿಗೆಗೂ ಕೈಜೋಡಿಸಿದ: ಪ್ರಾರ್ಥನೆಯ ಟೋಪಿ, ಶಬ್ಬತ್ತಿನ ರೊಟ್ಟಿಗೆ ಮುಚ್ಚುವ ಬಟ್ಟೆ. ಪತ್ನಿಯನ್ನು ನೋಡಿಕೋ ಎಂದು ಹೇಳಿ ಜೇಕಬ್ 1999ರಲ್ಲಿ ತೀರಿಕೊಂಡರು. 2019ರ ಆಗಸ್ಟ್ 30ರಂದು, 96ರ ವಯಸ್ಸಿನಲ್ಲಿ ಸಾರಾ ಕಣ್ಣು ಮುಚ್ಚುವವರೆಗೂ ಥಾಹಾ ನೋಡಿಕೊಂಡರು. ಆಮೇಲೂ ಅಂಗಡಿಯ ಬಾಗಿಲು ತೆರೆದರು.

ಇದನ್ನೆಲ್ಲ ತಂಗಿಗೆ ಹೇಳಲು ಅಂದು ವೇಳೆಯಿರಲಿಲ್ಲ, ಟ್ಯಾಕ್ಸಿ ಬಂದಿತ್ತು. ಅತ್ತು, ಅಪ್ಪಿಕೊಂಡು, ತಲುಪಿದ ಕೂಡಲೆ ಫೋನ್ ಮಾಡೆಂದು ಹೇಳಿ ಕಳಿಸಿದೆ. ಒಳಗೆ ಬಂದರೆ, ಗೆಳತಿ ಆ ಕುಟ್ಟಾಣಿಯಲ್ಲಿ ಏಲಕ್ಕಿ ಕುಟ್ಟುತ್ತಿದ್ದಳು. ಒಲೆಯ ಮೇಲೆ ಇಬ್ಬರಿಗಾಗುವಷ್ಟು ಹಾಲಿತ್ತು.