ಬಾವಿಯ ಬಳ್ಳಿ ಬಂದ ದ್ವೀಪ

ಈ ಸರ್ತಿ ಎನ್ನತ್ರೆ ಹೊಸ ಸಾರು, ತಂಬುಳಿ ಎಂತದೂ ಇಲ್ಲೆ. ಒಂದು ಬಳ್ಳಿಯ ಕತೆ ಹೇಳ್ತೆ. ಕೂದೊಂಡು ಓದಿ.

2024ರ ಜನವರಿಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋದ ಪಟಂಗೊ ಎಲ್ಲೋರ ಮೊಬೈಲಿಂಗೂ ಬಂದಿತ್ತನ್ನೆ? ಅಂಬಗಳೇ ಎನ್ನ ಮಗಳ ತಲೆಗೆ ಹೊಕ್ಕಿತ್ತು, “ಅಮ್ಮಾ, ರಜೆಲಿ ಅಲ್ಲಿಗೇ ಹೋಪೊ” ಹೇಳಿ. “ಅಲ್ಲಿ ಎಂತ ಇದ್ದು? ನೀರು ನೋಡ್ಲೆ ಪಣಂಬೂರು ಸಾಲದೋ?” ಹೇಳಿ ಇವು ಕೇಳಿದವು. ಚಾವಡಿಲಿ ಎಲೆ ಅಡಕ್ಕೆ ತಿಂದೊಂಡು ಕೂದ ಅತ್ತೆ ಮಾತ್ರ ತಲೆ ನೆಗ್ಗಿ, “ದ್ವೀಪವೋ? ನಮ್ಮ ಬಾವಿಯ ಬಳ್ಳಿ ಬಂದೊಂಡಿದ್ದದು ಅಲ್ಲಿಂದಲೇ ಅಲ್ಲದೋ” ಹೇಳಿದವು.

ಎನಗೆ ಇದು ಹೊಸ ಸುದ್ದಿ. ಮತ್ತೆ ಅತ್ತೆಯೇ ಬಿಡಿಸಿ ಹೇಳಿದವು. ಅವು ಮದುವೆ ಆಗಿ ಬಂದ ಕಾಲಲ್ಲಿ, ಮಳೆಗಾಲಂದ ಮದಲು ಮಾವ ಕೊಡೆಯಾಲದ ಬಂದರಕ್ಕೆ ಹೋಗಿ ಕತ್ತದ ಬಳ್ಳಿ ತಂದುಗೊಂಡಿತ್ತಿದ್ದವಡ. ಗಟ್ಟಿ ಬಳ್ಳಿ, ನೀರಿಲ್ಲಿ ಬೇಗ ಕುಂಬಾಗ. ಆದರೆ ಹೊಸತ್ತರಲ್ಲಿ ಕೈ ಕೊರಕ್ಕೊಂಡಿತ್ತು. “ಹಟ್ಟಿಗೆ, ಬಚ್ಚಲಿಂಗೆ, ಅಡಿಗೆಗೆ ಹೇಳಿ ದಿನಕ್ಕೆ ನಲುವತ್ತು ಕೊಡಪ್ಪಾನ ಎಳದ್ದೆ. ಈ ಬಳ್ಳಿ ಮಾಡಿದವರ ಕೈಗೆ ಹುಳ ಬೀಳಲಿ ಹೇಳಿ ಬೈದ್ದೆ” ಹೇಳಿ ನೆಗೆ ಮಾಡಿದವು. ಅತ್ತೆಯ ಅಂಗೈಲಿ ಆ ಗೀಟುಗೊ ಈಗಳೂ ಇದ್ದು.

ಕೊಚ್ಚಿಂದ ಎರಡು ಪಂಕದ ಸಣ್ಣ ವಿಮಾನ. ಹೋಪ ಮದಲೇ ಪರ್ಮಿಟ್ ಮಾಡ್ಸೆಕ್ಕು, ಮನಸ್ಸು ಬಂದ ಹಾಂಗೆ ಹೋಪಲೆಡಿಯ. ಸುಮಾರು ಒಂದೂವರೆ ಗಂಟೆ ಬರೀ ನೀಲಿ ನೀರು. ಮತ್ತೆ ಒಂದು ಹಸುರು ಗೀಟು ಕಂಡತ್ತು. ಅದುವೇ ಅಗತ್ತಿ. 1988ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಆದ್ದದು. ದ್ವೀಪ ಎಷ್ಟು ಸಪೂರ ಹೇಳಿರೆ, ಇಳಿವಗ ಎರಡೂ ಹೊಡೆಲಿ ಸಮುದ್ರವೇ. ಆನು ಇವರ ಕೈ ಗಟ್ಟಿ ಹಿಡ್ಕೊಂಡು ಕಣ್ಣು ಮುಚ್ಚಿ ಕೂದೆ. ಲಕ್ಷದ್ವೀಪ ಹೇಳಿ ಹೆಸರು ಮಾತ್ರ, ಇಪ್ಪದು 36 ದ್ವೀಪ. ಎಲ್ಲ ಸೇರ್ಸಿರೂ 32 ಚದರ ಕಿಲೋಮೀಟರು. ಜೆನ ಇಪ್ಪದು 10 ದ್ವೀಪಲ್ಲಿ ಮಾತ್ರ. ಅಗತ್ತಿಂದ ಎಂಗೊ ಬೋಟಿಲಿ ಕಡ್ಮತಿಂಗೆ ಹೋದೆಯೊ.

ಈಗ ರಜ್ಜ ಚರಿತ್ರೆ ಹೇಳ್ತೆ. ಎಂಗೊ ಶಾಲೆಲಿ ಇದರ ಕಲ್ತಿದಿಲ್ಲೆ.

ಈ ದ್ವೀಪಂಗೊ ಸುಮಾರು ಕಾಲ ಕಣ್ಣೂರಿನ ಅರಕ್ಕಲ್ ಮನೆತನದ ಕೈಲಿ ಇತ್ತು. ಆ ಮನೆತನಲ್ಲಿ ಒಂದು ಚೆಂದದ ಕ್ರಮ. ಪ್ರಾಯಲ್ಲಿ ಆರು ದೊಡ್ಡವೋ ಅವಕ್ಕೇ ಪಟ್ಟ. ಗೆಂಡುಮಕ್ಕೊ ಆದರೆ ಆಲಿ ರಾಜ, ಹೆಮ್ಮಕ್ಕೊ ಆದರೆ ಬೀವಿ. 1790ರಲ್ಲಿ ಇಂಗ್ಲಿಷರು ಕಣ್ಣೂರು ಹಿಡಿವಗ ಅಲ್ಲಿ ಆಳಿಯೊಂಡಿದ್ದದು ಜುನುಮ್ಮಾ ಬೀವಿ. ಆದರೆ ಆಳ್ತವು ಆರೇ ಇರಳಿ, ದ್ವೀಪದವರ ಕತ್ತವ ಮಾತ್ರ ಅವು ಹೇಳಿದ ಕ್ರಯಕ್ಕೇ ಕೊಡೆಕ್ಕಾಗಿತ್ತು. ಬೇರೆಯವಕ್ಕೆ ಮಾರ್ಲೆ ಇಲ್ಲೆ. ದ್ವೀಪಲ್ಲಿ ಭತ್ತ ಬೆಳೆತ್ತಿಲ್ಲೆ, ಹಾಂಗಾಗಿ ಬದಲಿಂಗೆ ಸಿಕ್ಕಿಯೊಂಡಿದ್ದದು ಅಕ್ಕಿ.

ಇದರಿಂದ ಬೊಡುದು 1780ರ ದಶಕಲ್ಲಿ ಅಮಿನಿ ದ್ವೀಪದವು ತಿರುಗಿ ಬಿದ್ದವು. ಓಡ ಹತ್ತಿ ಸೀದಾ ಮಂಗಳೂರಿಂಗೆ ಬಂದು ಟಿಪ್ಪು ಸುಲ್ತಾನನ ಆಶ್ರಯ ಕೇಳಿದವು. ಹಾಂಗೆ ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಈ ಐದು ದ್ವೀಪ ಮೈಸೂರು ರಾಜ್ಯಕ್ಕೆ ಸೇರಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮತ್ತೆ ಕಂಪೆನಿಗೆ ಹೋತು. ಕಂಪೆನಿಯೂ ಕತ್ತದ ವ್ಯಾಪಾರವ ಬಿಟ್ಟಿದಿಲ್ಲೆ. ಈ ಐದು ದ್ವೀಪಂಗಳ ನೋಡಿಯೊಂಡಿದ್ದದು ನಮ್ಮ ದಕ್ಷಿಣ ಕನ್ನಡದ ಕಲೆಕ್ಟರ್. ಅವರ ಕೈ ಕೆಳ ಅಲ್ಲಿ ಇದ್ದ ಅಧಿಕಾರಿಯ ಮೊನೆಗಾರ ಹೇಳಿ ದೆನಿಗೇಳಿಯೊಂಡಿತ್ತಿದ್ದವು. ದ್ವೀಪದ ಬಳ್ಳಿ ಮಂಗಳೂರಿಂಗೆ ಬಂದುಗೊಂಡಿತ್ತು, ಮಂಗಳೂರಿನ ಅಕ್ಕಿ ದ್ವೀಪಕ್ಕೆ ಹೋಗಿಯೊಂಡಿತ್ತು.

1956ರ ನವೆಂಬರ 1ಕ್ಕೆ ಗಡಿ ಬದಲಾತು. ಕಾಸರಗೋಡು ಕೇರಳಕ್ಕೆ ಹೋದ್ದದು ನಿಂಗೊಗೆ ಗೊಂತಿದ್ದು, ಎಂಗಳ ಕಡೆ ಇಂದಿಂಗೂ ಅದರ ಹೇಳಿ ಬೇಜಾರ ಮಾಡ್ತವು. ಅದೇ ದಿನ ಈ ಐದು ದ್ವೀಪವೂ ನಮ್ಮ ಜಿಲ್ಲೆಂದ ಹೆರ ಹೋಗಿ ಕೇಂದ್ರಾಡಳಿತಕ್ಕೆ ಸೇರಿತ್ತು. ಇದರ ನೆಂಪು ಮಾಡ್ತವು ನಮ್ಮಲ್ಲಿ ಆರೂ ಇಲ್ಲೆ. 1964ರಲ್ಲಿ ರಾಜಧಾನಿ ಕವರತ್ತಿಗೆ ಹೋತು, 1973ರಲ್ಲಿ ಲಕ್ಷದ್ವೀಪ ಹೇಳ್ತ ಹೆಸರು ಬಂತು.

ಕಡ್ಮತಿಲಿ ಹೊತ್ತೋಪಗ ಮಗಳು ನೀರಿಂಗೆ ಇಳಿದತ್ತು. ಆನು ಮಾರ್ಗದ ಕರೆಲಿ ನೆಡಕ್ಕೊಂಡು ಹೋದೆ. ಒಂದು ಮನೆ ಜಾಲಿಲಿ ಪ್ರಾಯದ ಒಂದು ಉಮ್ಮ ಕೂದೊಂಡಿತ್ತಿದ್ದವು. ಎನ್ನ ಅಪ್ಪನ ಮನೆ ಕಾಸರಗೋಡು ಹೊಡೆಲಿ ಆದ ಕಾರಣ ಮಲೆಯಾಳ ಬತ್ತು. ಅವರ ಮಾತು ರಜ್ಜ ಬೇರೆ ನಮೂನೆ, ಆದರೂ ಅರ್ಥ ಆತು. ಮಂಗಳೂರಿನ ಹೊಡೆಯವು ಹೇಳಿದ ಕೂಡ್ಲೇ ಅವರ ಮೋರೆ ಅರಳಿತ್ತು. “ಎನ್ನ ಉಪ್ಪ ಓಡಲ್ಲಿ ಮಂಗಲಾಪುರಕ್ಕೆ ಹೋಗಿ ಅಕ್ಕಿ ತಂದೊಂಡಿತ್ತಿದ್ದವು” ಹೇಳಿದವು.

ಗೆಂಡುಮಕ್ಕೊ ಓಡ ಬಿಟ್ಟೊಂಡು ಹೋದರೆ, ಬಳ್ಳಿ ಹೊಸವದು ಹೆಮ್ಮಕ್ಕಳ ಕೆಲಸ ಅಡ. ಕಾಯಿ ಸೊಪ್ಪಟೆಯ ಸಮುದ್ರದ ಕರೆಲಿ ಹೊಯಿಗೆಯ ಅಡಿಲಿ ತಿಂಗಳುಗಟ್ಲೆ ಹುಗುದು ಮಡುಗೆಕ್ಕು. ಮತ್ತೆ ತೆಗದು, ಬಡುದು, ನಾರು ಬಿಡಿಸಿ, ಅಂಗೈಲಿ ತಿಕ್ಕಿ ತಿಕ್ಕಿ ಹೊಸೆಕ್ಕು. ಓಡದ ಹಲಗೆಗಳನ್ನೂ ಆಣಿ ಇಲ್ಲದ್ದೆ ಇದೇ ಬಳ್ಳಿಲಿ ಹೊಲಿತ್ತ ಕ್ರಮ ಇತ್ತು. ಮಳೆಗಾಲ ಇಡೀ ಓಡ ಮೇಲೆ ಎಳದು ಮಡುಗುಗು. ಅಕ್ಕಿ ಮುಗುದರೆ ಕಾಯಿ, ಮೀನು, ಅಷ್ಟೆ. “ಬಳ್ಳಿ ಕಮ್ಮಿ ಆದರೆ ಅಕ್ಕಿ ಕಮ್ಮಿ. ಅಬ್ಬೆ ಇರುಳೂ ಹೊಸಕ್ಕೊಂಡಿತ್ತು” ಹೇಳಿ ಅಂಗೈ ತೋರ್ಸಿದವು. ಅದರಲ್ಲೂ ಗೀಟುಗೊ. ಎನಗೆ ಅತ್ತೆ ಬೈದ್ದದು ನೆಂಪಾಗಿ ಮಾತೇ ಬಯಿಂದಿಲ್ಲೆ.

ಹೆರಡುವಗ ಒಂದು ಸಣ್ಣ ಸಿಂಬೆ ಬಳ್ಳಿ ಕೊಟ್ಟವು. ಪೈಸೆ ಕೊಟ್ಟರೆ ತೆಕ್ಕೊಂಡಿದವಿಲ್ಲೆ. ಆನು ಕಟ್ಟಿಗೊಂಡು ಹೋದ ಚಕ್ಕುಲಿ ಕೊಟ್ಟೆ, ಅದರ ತೆಕ್ಕೊಂಡವು.

ಮನೆಗೆ ಬಂದು ಅತ್ತೆಯ ಕೈಲಿ ಮಡುಗಿದೆ. ಕಣ್ಣು ಮಂಜು, ಆದರೆ ಬೆರಳಿಲಿ ಉದ್ದಿಯಪ್ಪಗಳೇ “ಇದುವೇ, ದ್ವೀಪದ್ದು” ಹೇಳಿದವು. ಆನು ಉಮ್ಮನ ಕೈಯ ವಿಷಯ ಹೇಳಿದೆ. ಅತ್ತೆ ಸುಮಾರು ಹೊತ್ತು ಮಾತಾಡಿದ್ದವಿಲ್ಲೆ. ಮತ್ತೆ, “ಛೆ, ಗೊಂತಿದ್ದರೆ ಬೈತ್ತಿತ್ತಿಲ್ಲೆ” ಹೇಳಿದವು.

ಈಗ ಎಂಗಳ ಬಾವಿಗೆ ಪಂಪು ಇದ್ದು. ಕರೆಂಟು ಹೋದರೆ ಎಳವಲೆ ನೈಲಾನ್ ಬಳ್ಳಿ. ದ್ವೀಪದ ಬಳ್ಳಿ ಅತ್ತೆಯ ತಲೆಕೊಂಬಿನ ಹತ್ರೆ ಇದ್ದು. ನಿಂಗಳ ಅಟ್ಟಲ್ಲಿಯೂ ಹಳೆ ಬಳ್ಳಿಯ ಸಿಂಬೆ ಇಕ್ಕು. ಇಡ್ಕುವ ಮದಲು, ಮನೆಯ ಪ್ರಾಯದವರ ಹತ್ರೆ ಒಂದರಿ ಕೇಳಿ, ಅದು ಎಲ್ಲಿಂದ ಬಂದದು ಹೇಳಿ.