ಕನ್ನಡಿಯೊಳಗಿನ ಗಂಟು

ದನದ ಸಂತೆಗೆ ಹೋದ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಹೆಗಲ ಮೇಲೆ ಕೈಯಾಡಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ತಿರುಗಿಸಿ, ಮತ್ತೆ ನಡೆಸಿ ನೋಡುತ್ತಾನೆ. ದಲಾಲಿಯ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು ಅದಾದ ಮೇಲಿನ ಮಾತು. ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಈ ವ್ಯಾಪಾರದಲ್ಲಿ ಬೆಲೆ ಗುಟ್ಟು, ಸರಕು ಬಯಲು. ಸಂತೆಯಲ್ಲಿ ಮೋಸವೇ ಇರಲಿಲ್ಲವೆನ್ನುವಷ್ಟು ನಾವು ಮುಗ್ಧರಲ್ಲ. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಹರೆಯ ಬರಿಸುವ ಜಾಣರು ಎಂದೂ ಇದ್ದರು. ಆದರೆ ಇಲ್ಲದ ಎತ್ತನ್ನು ಮಾರುವ ವಿದ್ಯೆ ಮಾತ್ರ ಅವರಿಗೂ ತಿಳಿದಿರಲಿಲ್ಲ.

ಆ ವಿದ್ಯೆ ಈಗ ಬಂದಿದೆ. ಮನೆಯಲ್ಲಿ ಬೇಡವಾದ ಕಪಾಟನ್ನೋ ಮೋಟಾರು ಸೈಕಲನ್ನೋ ಮಾರಬೇಕೆಂದು ಒಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದು ಆನ್‌ಲೈನ್ ಪೇಟೆಯಲ್ಲಿ ಪ್ರಕಟಿಸುತ್ತಾರೆ. ಮರುದಿನ ಅದೇ ಚಿತ್ರ ಬೇರೊಂದು ಹೆಸರಿನಲ್ಲಿ, ಅರ್ಧ ಬೆಲೆಗೆ, ಬೇರೊಂದು ಊರಿನ ವಿಳಾಸದೊಡನೆ ಕಾಣಿಸಿಕೊಳ್ಳುತ್ತದೆ. ಅಗ್ಗವೆಂದು ನಂಬಿದವರು ಮುಂಗಡ ಕಳಿಸುತ್ತಾರೆ. ಸರಕು ನಿಜ, ಚಿತ್ರ ನಿಜ, ಚಿತ್ರದ ಹಿಂದಿನ ಗೋಡೆಯೂ ನಿಜ; ಮಾರುವವನೊಬ್ಬನೇ ಸುಳ್ಳು. ಕನ್ನಡಿಯೊಳಗಿನ ಗಂಟೆಂದು ನಮ್ಮ ಹಿರಿಯರು ಕೈಗೆಟುಕದ ಆಸೆಯನ್ನು ಕರೆದರು. ಆ ಗಂಟಿಗೇ ಬೆಲೆ ಕಟ್ಟಿ ಹಣ ಎಣಿಸಿಕೊಳ್ಳುವವನು ಹುಟ್ಟುತ್ತಾನೆಂದು ಅವರು ಊಹಿಸಿರಲಿಕ್ಕಿಲ್ಲ.

ಇದು ಇಂದಿನ ಯಂತ್ರದ ಕಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಬೇರು ಹಳೆಯದು. ಸರಕು ಒಂದೆಡೆ, ಅದರ ಚಿತ್ರ ಇನ್ನೊಂದೆಡೆ ಆದ ದಿನವೇ ಈ ಕಳ್ಳತನಕ್ಕೆ ದಾರಿಯಾಯಿತು.

ನಮ್ಮ ಸೀಮೆಗೆ ಆ ದಿನ ರೈಲಿನೊಡನೆ ಬಂತೆನ್ನಬಹುದು. ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದರಾಸಿನಿಂದ ಹೊರಟ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯ ಮೇಲೆ ಇದ್ದ ಯಾದಗಿರಿಗೆ ಎರಡು ಮಹಾನಗರಗಳ ಪೇಟೆ ಒಮ್ಮೆಗೇ ಹತ್ತಿರವಾಯಿತು. ಆಗ ಇದು ನಿಜಾಮರ ಸೀಮೆ. ಸುರಪುರವನ್ನು ಇಂಗ್ಲಿಷರು 1860ರಲ್ಲಿ ನಿಜಾಮರಿಗೆ ಬಿಟ್ಟುಕೊಟ್ಟಿದ್ದರು. 1877ರಲ್ಲಿ ಬ್ರಿಟಿಷ್ ಭಾರತದ ಅಂಚೆಯವರು ವಿ.ಪಿ.ಪಿ. ಪದ್ಧತಿ ತೆರೆದರು. ಕ್ಯಾಟಲಾಗಿನ ಚಿತ್ರ ನೋಡಿ ಕಾಗದ ಬರೆದರೆ ಗಡಿಯಾರವೋ ಔಷಧದ ಸೀಸೆಯೋ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಹಣವನ್ನು ಅಂಚೆಯವನ ಕೈಗೆ ಕೊಟ್ಟು ಬಿಡಿಸಿಕೊಳ್ಳಬೇಕು. ಕೊಳ್ಳುವವನು ಹೀಗೆ ಮೊದಲ ಬಾರಿಗೆ ಹಲ್ಲು ನೋಡದೆ ಎತ್ತು ಕೊಳ್ಳಲು ಕಲಿತ. ಆದರೂ ಆ ಏರ್ಪಾಟಿನಲ್ಲಿ ಒಂದು ವಿವೇಕವಿತ್ತು. ಪೆಟ್ಟಿಗೆ ಬಾಗಿಲಿಗೆ ಬರುವ ತನಕ ಹಣ ಕೈಬಿಡುತ್ತಿರಲಿಲ್ಲ.

ಇದೇ ಕಾಲದಲ್ಲಿ ಬಟ್ಟೆಯ ಬಜಾರಿನಲ್ಲಿ ಇನ್ನೊಂದು ಬಗೆಯ ಚಿತ್ರ ಓಡಾಡುತ್ತಿತ್ತು. ಮ್ಯಾಂಚೆಸ್ಟರಿನ ಗಿರಣಿ ಬಟ್ಟೆಯ ತಾನುಗಳ ಮೇಲೆ ಬಣ್ಣದ ಚೀಟಿ ಅಂಟಿಸಿರುತ್ತಿದ್ದರು: ಆನೆ, ಹುಲಿ, ದೇವರು, ರಾಜ. ಓದು ಬಾರದ ಗಿರಾಕಿ ಗಿರಣಿಯ ಹೆಸರನ್ನು ಕೇಳುತ್ತಿರಲಿಲ್ಲ; ಛಾಪು ನೋಡಿ ಬಟ್ಟೆ ಕೇಳುತ್ತಿದ್ದ. ಛಾಪಿನ ಮೇಲೆ ನಂಬಿಕೆ ಕೂತಿತೆಂದ ಕೂಡಲೆ ಛಾಪಿನ ಕಳ್ಳರೂ ಎದ್ದರು. ಕಡಮೆ ಬಟ್ಟೆಗೆ ಹೆಚ್ಚಿನ ಬಟ್ಟೆಯ ಆನೆಯನ್ನು ಹೋಲುವ ಆನೆ ಅಂಟಿತು. ಸುಳ್ಳು ಗುರುತಿನ ಸರಕನ್ನು ಅಪರಾಧವೆಂದು ಬಗೆದ ಮರ್ಚಂಡೈಸ್ ಮಾರ್ಕ್ಸ್ ಕಾಯಿದೆ ಬ್ರಿಟಿಷ್ ಭಾರತದಲ್ಲಿ 1889ರಲ್ಲಿ ಬಂತು. ವ್ಯಾಪಾರ ಚಿಹ್ನೆಗಳನ್ನು ನೋಂದಾಯಿಸುವ ಕಾಯಿದೆ ಬರಲು 1940ರವರೆಗೆ ಕಾಯಬೇಕಾಯಿತು. ಊರೆಲ್ಲ ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಕಾನೂನನ್ನು ನೋಡಿಯೇ ಹುಟ್ಟಿರಬೇಕು.

ಛಾಪು ಕೈಯಿಂದ ಬರೆದ ಚಿತ್ರ. ಬರೆದವನೊಬ್ಬನಿದ್ದನೆಂದು ಯಾರಾದರೂ ಒಪ್ಪುವರು. ಫೋಟೋ ಬಂದಾಗ ಆ ಒಪ್ಪಿಗೆಯೂ ತೊಡಕಿಗೆ ಬಿತ್ತು. ಬೆಳಕು ಬಿದ್ದು ತಾನಾಗಿಯೇ ಮೂಡಿದ್ದಕ್ಕೆ ಒಡೆಯನೆಲ್ಲಿಂದ ಬರಬೇಕು? ಬ್ರಿಟನ್ನಿನ ಪಾರ್ಲಿಮೆಂಟು 1862ರಲ್ಲಿ ಫೋಟೋಗೂ ಹಕ್ಕಿದೆಯೆಂದಿತು. ಅಮೆರಿಕದಲ್ಲಿ ಈ ಪ್ರಶ್ನೆ ಮೇಲಿನ ನ್ಯಾಯಾಲಯದವರೆಗೂ ಹೋಯಿತು, ಅದೂ ಒಂದು ಮಾರಾಟದ ಚಿತ್ರದ ದೆಸೆಯಿಂದ. ಆಸ್ಕರ್ ವೈಲ್ಡ್ 1882ರಲ್ಲಿ ಭಾಷಣ ಮಾಡಲು ನ್ಯೂಯಾರ್ಕಿಗೆ ಬಂದಾಗ ನೆಪೋಲಿಯನ್ ಸರೋನಿಯೆಂಬ ಛಾಯಾಗ್ರಾಹಕ ಅವನ ಚಿತ್ರಗಳನ್ನು ತೆಗೆದ. ಬರೋ-ಜೈಲ್ಸ್ ಎಂಬ ಕಲ್ಲಚ್ಚಿನ ಕಂಪನಿ ಅವುಗಳಲ್ಲೊಂದನ್ನು ಕೇಳದೆಯೇ 85,000 ಪ್ರತಿ ಅಚ್ಚು ಹಾಕಿತು. ಟೋಪಿ ಮಾರುವ ಅಂಗಡಿಯ ಜಾಹೀರಾತಿಗೆ ಅದು ಬಳಕೆಯಾಯಿತು. ಫೋಟೋ ಕೇವಲ ಯಂತ್ರದ ಕೆಲಸ, ಅದರಲ್ಲಿ ಕರ್ತೃತ್ವವೇ ಇಲ್ಲವೆಂಬುದು ಕಂಪನಿಯ ವಾದ. ಭಂಗಿ, ಉಡುಪು, ಬೆಳಕು ನೆರಳುಗಳನ್ನು ಹೊಂದಿಸಿದ್ದು ಸರೋನಿಯ ಬುದ್ಧಿಯೇ ಹೊರತು ಯಂತ್ರವಲ್ಲವೆಂದು ನ್ಯಾಯಾಲಯ 1884ರಲ್ಲಿ ತೀರ್ಮಾನಿಸಿತು. ಸರೋನಿ ತನ್ನ ಹೆಸರನ್ನೂ ಇಸವಿಯನ್ನೂ ಚಿತ್ರದ ಮೇಲೆಯೇ ಅಚ್ಚು ಮಾಡಿದ್ದ. ಆ ಗುರುತು ಸಾಕೆಂದೂ ನ್ಯಾಯಾಧೀಶರು ಒಪ್ಪಿದರು.

ಹೆಸರು ಹಾಕುವ ಈ ಮಾತಿಗೆ ನಮ್ಮ ಕಡೆಯ ಒಂದು ದೃಷ್ಟಾಂತವನ್ನು ಹಚ್ಚಿ ನೋಡಬೇಕು. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ವಾಚಕರಿಗೆ ಅಪರಿಚಿತನಲ್ಲ. ಅವನು ಇತಿಹಾಸ ಭಾಗವನ್ನು ಬರೆದುಕೊಟ್ಟ ಬಿಜಾಪುರದ ವಾಸ್ತುವಿನ ದೊಡ್ಡ ಚಿತ್ರಗ್ರಂಥ 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಮುಖಪುಟದಲ್ಲಿ ನಕ್ಷೆ ಬರೆದ ಹಾರ್ಟ್ ಮತ್ತು ಕಮಿಂಗ್, ಫೋಟೋ ತೆಗೆದ ಬಿಗ್ಸ್ ಮತ್ತು ಲಾಕ್, ಟಿಪ್ಪಣಿ ಬರೆದ ಫರ್ಗುಸನ್ ಎಲ್ಲರ ಹೆಸರೂ ಇವೆ. ಅವರೊಡನೆ ನಕ್ಷೆ ಬರೆದ ಈ ನೆಲದ ಚಿತ್ರಗಾರರೂ ಇದ್ದರು. ಅವರನ್ನು ದೇಶೀಯ ನಕ್ಷೆಗಾರರೆಂದಷ್ಟೇ ಕಾಣಿಸಿದ್ದಾರೆ. ಒಬ್ಬನ ಹೆಸರೂ ಇಲ್ಲ. ಇದು ಕಳ್ಳತನವಲ್ಲ ನಿಜ. ಅವರಿಗೆ ಕೂಲಿ ಸಂದಿರಬಹುದು. ಆದರೆ ಚಿತ್ರ ಉಳಿದು, ಬರೆದ ಕೈ ಅಳಿದರೆ, ನಾಳೆ ಆ ಚಿತ್ರ ನನ್ನದೆಂದು ಕೇಳುವವರು ಯಾರು?

ಸುರಪುರದ ಸಂಪ್ರದಾಯ ಚಿತ್ರಕಲೆಯಲ್ಲೂ ಈ ಪ್ರಶ್ನೆ ಇದೆ. ಗರುಡಾದ್ರಿ ಮನೆತನದವರಿಂದ ಹೆಸರಾದ ಆ ಕಲೆಯಲ್ಲಿ ನುಣುಪಾದ ರೇಖೆ, ಚಿನ್ನದ ರೇಕಿನ ಕೆಲಸ ಮುಖ್ಯ. ದೀಪದ ಬೆಳಕು ಬದಲಾದಂತೆ ಚಿನ್ನ ಬದಲಾಗುತ್ತದೆ. ಅದನ್ನು ಎದುರಿಗೆ ಕೂತು ನೋಡಬೇಕು. ಫೋಟೋದಲ್ಲಿ ಅದು ಬರಿಯ ಹಳದಿ. ಕಲಾವಿದನೊಬ್ಬ ಮೂರು ತಿಂಗಳು ಕೂತು ಬರೆದ ಚಿತ್ರದ ಫೋಟೋವನ್ನು ಯಾರಾದರೂ ಎತ್ತಿಕೊಂಡು, ಅಚ್ಚಿನ ಹಾಳೆಯನ್ನು ಅದರ ಹೆಸರಿನಲ್ಲಿ ಮಾರಿದರೆ ಕೊಂಡವನಿಗೆ ಸಿಕ್ಕುವುದು ಹಳದಿ ಹಾಳೆ. ಅವನು ಬೈಯುವುದು ಕಳ್ಳನನ್ನಲ್ಲ, ಸುರಪುರದ ಕಲೆಯನ್ನು. ಕೈಮಗ್ಗದ ಇಳಕಲ್ಲ ಸೀರೆಯ ಚಿತ್ರ ತೋರಿಸಿ ಯಂತ್ರಮಗ್ಗದ ಸೀರೆ ಕಳಿಸಿದರೂ ಆಗುವುದು ಇದೇ. ಕದ್ದ ಚಿತ್ರದಿಂದ ಮೂಲದವನಿಗೆ ಆಗುವ ನಷ್ಟ ಒಂದು ವ್ಯಾಪಾರದ್ದಲ್ಲ, ಹೆಸರಿನದು. ಮನೆಯ ಕಪಾಟು ಮಾರಹೊರಟವರಿಗೂ ಇದು ತಪ್ಪಿದ್ದಲ್ಲ. ಮುಂಗಡ ಕಳೆದುಕೊಂಡವನು ಚಿತ್ರದ ಜಾಡು ಹಿಡಿದು ಬಂದರೆ ನಿಲ್ಲುವುದು ಅವರ ಬಾಗಿಲಿನಲ್ಲೇ.

ಹೀಗಿರಲು ನಮ್ಮ ಕಾನೂನು ಏನು ಹೇಳುತ್ತದೆ? ಕೃತಿಸ್ವಾಮ್ಯ ಕಾಯಿದೆ 1914ರದು ಮೊದಲು, ಸ್ವತಂತ್ರ ಭಾರತದ್ದು 1957ರದು. ಇದರಂತೆ ಫೋಟೋ ತೆಗೆದವನೇ ಅದರ ಕರ್ತೃ. ನೋಂದಣಿ ಕಡ್ಡಾಯವಲ್ಲ, ಗುಂಡಿ ಒತ್ತಿದ ಕ್ಷಣದಿಂದ ಹಕ್ಕು ಅವನದು. ಹಣ ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ್ದಾದರೆ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಮೊದಲ ಒಡೆತನ ತೆಗೆಸಿದವರಿಗೆ ಸೇರುತ್ತದೆ. ಕಪಾಟಿನ ಫೋಟೋಗೂ ಇಷ್ಟೊಂದು ಗೌರವವೇ ಎಂದು ನಗಬೇಕಾಗಿಲ್ಲ. ವೈಲ್ಡನ ಫೋಟೋಗೆ ಸಂದ ನ್ಯಾಯ ಅದಕ್ಕೂ ಸಲ್ಲುತ್ತದೆ. ತಿಳಿದೂ ತಿಳಿದೂ ಈ ಹಕ್ಕನ್ನು ಮುರಿದವನಿಗೆ ಮೂರು ವರ್ಷದವರೆಗೆ ಸಜೆಯುಂಟು. ಇನ್ನು ಕಂಪ್ಯೂಟರಿನ ಮೂಲಕ ಬೇರೊಬ್ಬರ ಸೋಗು ಹಾಕಿ ವಂಚಿಸಿದವನನ್ನು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮು ಹಿಡಿಯುತ್ತದೆ: ಮೂರು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಈ ಕಲಮು ಸೇರಿದ್ದು 2008ರ ತಿದ್ದುಪಡಿಯಲ್ಲಿ. ಅಷ್ಟರೊಳಗೆ ಆನ್‌ಲೈನ್ ಪೇಟೆ ನಮ್ಮಲ್ಲಿ ಬೇರು ಬಿಟ್ಟಾಗಿತ್ತು. ಬಾಜೀ ಡಾಟ್ ಕಾಮ್ ಎಂಬ ಭಾರತದ ಹರಾಜು ತಾಣವನ್ನು ಈಬೇ 2004ರಲ್ಲೇ ಕೊಂಡಿತ್ತು. ಕೋಟೆಯ ಬಾಗಿಲು ಈ ಸಲವೂ ತಡವಾಗಿಯೇ ಮುಚ್ಚಿತು.

ಪೇಟೆ ನಡೆಸುವವರು ಮಾತ್ರ ನಾವು ಜಾಗ ಕೊಟ್ಟವರು, ಸರಕಿಗೆ ಹೊಣೆಯಲ್ಲವೆನ್ನುತ್ತಾರೆ. ಕಾನೂನು ಆ ಮಾತನ್ನು ಒಂದು ಮಿತಿಯವರೆಗೆ ಒಪ್ಪಿದೆ. ಆದರೆ ಹಕ್ಕಿನ ಒಡೆಯ ಲಿಖಿತ ದೂರು ಕೊಟ್ಟರೆ ಸುಮ್ಮನಿರುವಂತಿಲ್ಲ. 2013ರ ಕೃತಿಸ್ವಾಮ್ಯ ನಿಯಮಗಳಂತೆ ದೂರು ಸರಿಯೆಂದು ಕಂಡಲ್ಲಿ 36 ಗಂಟೆಯೊಳಗೆ ಆ ಚಿತ್ರವನ್ನು ತಡೆಹಿಡಿಯಬೇಕು. 21 ದಿನದೊಳಗೆ ನ್ಯಾಯಾಲಯದ ಆಜ್ಞೆ ಬಾರದಿದ್ದರೆ ಮತ್ತೆ ತೆರೆಯಬಹುದು. ಹಣ ಹೋದವರಿಗೆ 1930 ಎಂಬ ದೂರವಾಣಿ ಸಂಖ್ಯೆಯಿದೆ. 2019ರಲ್ಲಿ ತೆರೆದ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣವಿದೆ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಆದದ್ದು; ಈಗ ಜಿಲ್ಲೆಗಳಲ್ಲೂ ಸಿ.ಇ.ಎನ್. ಠಾಣೆಗಳಿವೆ. ಚಿತ್ರ ಕಳೆದುಕೊಂಡವರೂ ಅಲ್ಲಿ ಒಂದು ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳುವುದು ಲೇಸು. ಕಳ್ಳ ಸಿಕ್ಕಿದರೂ ಸಿಗದಿದ್ದರೂ, ನಾಳೆ ಬಾಗಿಲಿಗೆ ಬಂದವನಿಗೆ ತೋರಿಸಲು ಆ ಕಾಗದ ಬೇಕು.

ದೂರು ಕೊಡುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಕಳ್ಳನ ಪ್ರಕಟಣೆಯನ್ನು ಅದರ ಹೆಸರು, ವಿಳಾಸ, ತಾರೀಖುಗಳೊಡನೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಸಿಟ್ಟಿನಿಂದ ಮೊದಲು ಅವನಿಗೇ ಬರೆದರೆ ಅವನು ಅಳಿಸಿ ಓಡುತ್ತಾನೆ, ಸಾಕ್ಷ್ಯವೂ ಅವನೊಡನೆ ಹೋಗುತ್ತದೆ. ಮೊಬೈಲಿನಲ್ಲಿರುವ ಮೂಲ ಫೋಟೋವನ್ನು ಅಳಿಸಬಾರದು. ತೆಗೆದ ದಿನ, ಸಮಯ ಅದರೊಳಗೇ ಅಡಗಿರುತ್ತವೆ. ಚಿತ್ರದ ಮೇಲೆ ಹೆಸರು ಬರೆಯುವ ಸರೋನಿಯ ಉಪಾಯ ಇಂದೂ ಒಳ್ಳೆಯದೇ, ಆದರೆ ಮೂಲೆಯಲ್ಲಿ ಬರೆದರೆ ಕತ್ತರಿಸಿಬಿಡುತ್ತಾರೆ. ಅದಕ್ಕಿಂತ ಹೆಸರು, ತಾರೀಖು ಬರೆದ ಚೀಟಿಯನ್ನೋ ಅಂದಿನ ದಿನಪತ್ರಿಕೆಯನ್ನೋ ಸರಕಿಗೆ ತಾಗಿಸಿಟ್ಟು ಚಿತ್ರ ತೆಗೆಯುವುದು ಮೇಲು. ಅದನ್ನೂ ಅಳಿಸುವ ಯಂತ್ರಗಳು ಬಂದಿವೆಯೆಂಬುದು ನಿಜ. ಆದ್ದರಿಂದ ತೆಗೆದ ಎಲ್ಲ ಚಿತ್ರಗಳನ್ನೂ ಪ್ರಕಟಿಸದೆ, ಹಿಂಬದಿಯದು ಒಂದು, ಒಳಬದಿಯದು ಒಂದು, ಗೀರು ಬಿದ್ದ ಜಾಗದ್ದು ಒಂದು ತಮ್ಮಲ್ಲೇ ಉಳಿಸಿಕೊಳ್ಳುವುದು ಜಾಣತನ. ಗುರುತಿನ ಚೀಟಿಯನ್ನಂತೂ ಚಿತ್ರ ತೆಗೆದು ಅಪರಿಚಿತರಿಗೆ ಕಳಿಸಲೇಬಾರದು. ಸೈನಿಕರ ಗುರುತಿನ ಚೀಟಿಗಳ ಚಿತ್ರ ತೋರಿಸಿ, ವರ್ಗವಾಗಿದೆ, ವಾಹನ ಅಗ್ಗಕ್ಕೆ ಕೊಡುತ್ತೇನೆಂದು ನಂಬಿಸಿ ಮುಂಗಡ ಎತ್ತಿದ ವಂಚನೆಗಳು ದೇಶದ ಹಲವು ನಗರಗಳಲ್ಲಿ ದಾಖಲಾಗಿವೆ. ದೇಶ ಕಾಯುವವನ ಮುಖಕ್ಕೇ ಈ ಗತಿಯಾದರೆ ಮಿಕ್ಕವರ ಪಾಡೇನು?

ಈ ಎಲ್ಲ ಉಪಾಯಗಳ ಹಿಂದೆ ಇರುವುದು ಒಂದೇ ಸಂಗತಿ. ಕಳ್ಳನ ಬಳಿ ಇರುವುದು ನಾವು ತೋರಿಸಿದಷ್ಟು ಮಾತ್ರ. ಒಡೆಯನ ಬಳಿ ಸರಕೇ ಇದೆ. ಬೇಕೆಂದಾಗ ಅವನು ಇನ್ನೊಂದು ಚಿತ್ರ ತೆಗೆಯಬಲ್ಲ. ಬಟ್ಟೆಯ ಛಾಪನ್ನು ಕದ್ದವನು ಆ ನೂಲನ್ನು ಕದಿಯಲಾರದೆ ಹೋದ. ಚಿನ್ನದ ಕೆಲಸದ ಫೋಟೋ ಕದ್ದವನಿಗೆ ಅದೇ ಕೈಯ ಇನ್ನೊಂದು ಗೆರೆ ಎಳೆಯಲು ಬಾರದು.

ಆದುದರಿಂದ ಕೊಳ್ಳುವವರ ಪಾಲಿನ ಕರ್ತವ್ಯವೂ ಸರಳವಾಗಿದೆ. ಮುಂಗಡ ಕಳಿಸುವ ಮೊದಲು ಇನ್ನೊಂದು ಚಿತ್ರ ಕೇಳಬೇಕು: ಬಾಗಿಲು ತೆರೆದ ಕಪಾಟು, ಇಂದಿನ ತಾರೀಖಿನ ಚೀಟಿಯೊಡನೆ, ಎಡಗಡೆಯಿಂದ. ನಿಜವಾದ ಒಡೆಯನಿಗೆ ಅದು ಐದು ನಿಮಿಷದ ಕೆಲಸ. ಹಾಗೆ ಕೇಳುವುದು ಅವಮಾನವೆಂದು ಭಾವಿಸುವ ಸಭ್ಯರು ನಮ್ಮಲ್ಲಿ ಬಹಳ. ಆ ಸಂಕೋಚವೇ ಕಳ್ಳನ ಬಂಡವಾಳ. ಎತ್ತನ್ನು ಇನ್ನೊಮ್ಮೆ ನಡೆಸಿ ತೋರಿಸೆಂದರೆ ಸಂತೆಯಲ್ಲಿ ಯಾವ ಮರ್ಯಾದಸ್ಥನೂ ಮುಖ ತಿರುಗಿಸಿದ್ದಿಲ್ಲ. ಕೇಳಿದ್ದಕ್ಕೆ ಸಿಟ್ಟಾಗಿ, ಬೇಕಾದರೆ ತಗೊಳ್ಳಿ, ಬೇರೆಯವರು ಕಾಯುತ್ತಿದ್ದಾರೆ ಎಂದು ಅವಸರಪಡಿಸುವವನ ಹತ್ತಿರ ಎತ್ತೂ ಇಲ್ಲ, ಹಗ್ಗವೂ ಇಲ್ಲ ಎಂದು ತಿಳಿಯಬೇಕು.