ಸಾವನ್ನಾಳುವ ದೇವರು, ಸಾಯುವ ದೇವರು: ಕೃಷ್ಣಾ-ಘಟಪ್ರಭಾ ದಂಡೆಯ ಜೋಕುಮಾರ

ಮರಣಾನಂತರದ ಲೋಕವೊಂದನ್ನು ಕಲ್ಪಿಸಿ ಅದಕ್ಕೊಬ್ಬ ಒಡೆಯನನ್ನು ನಿಯಮಿಸುವುದು ಜಗತ್ತಿನ ಬಹುತೇಕ ಪುರಾಣಗಳಿಗೆ ಸಾಮಾನ್ಯವಾದ ಸಂಗತಿ. ಇಂತಹ ದೇವತೆಗಳನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ನೋಡಬಹುದು. ಸುಮೇರಿಯದ ಎರೆಶ್ಕಿಗಾಲ್, ಗ್ರೀಕರ ಹೇಡಿಸ್, ಉತ್ತರ ಯುರೋಪಿನ ಹೆಲ್ ಇವರು ಸಾವಿನ ಅನುಭವವಿಲ್ಲದೆಯೇ ಸತ್ತವರನ್ನು ಆಳುವವರು. ಈಜಿಪ್ಟಿನ ಒಸೈರಿಸ್ ಹಾಗಲ್ಲ. ಸೋದರನಿಂದ ಹತನಾದ ಮೇಲೆಯೇ ಅವನು ಮೃತರ ಅರಸನಾದನು. ನಮ್ಮ ಯಮನೂ ಮೂಲತಃ ಈ ಎರಡನೆಯ ವರ್ಗಕ್ಕೆ ಸೇರಿದವನು. ಋಗ್ವೇದದ 10ನೆಯ ಮಂಡಲದಲ್ಲಿ ಅವನು ಪಿತೃಗಳ ದಾರಿಯನ್ನು ಮೊದಲು ಕಂಡವನು. ಅಥರ್ವವೇದದಲ್ಲಿ ಮರ್ತ್ಯರೊಳಗೆ ಮೊದಲು ಸತ್ತವನು. ದಂಡಪಾಣಿಯಾದ ನ್ಯಾಯಾಧೀಶನ ರೂಪ ಅವನಿಗೆ ಬಂದುದು ಆ ಬಳಿಕ.

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳನ್ನೊಳಗೊಂಡ ಕೃಷ್ಣಾ-ಘಟಪ್ರಭಾ ದಂಡೆಯ ಜನಪದವು ಸಾವನ್ನು ಯಾವ ದೇವರ ಮೂಲಕ ಗ್ರಹಿಸಿದೆ ಎಂಬುದನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜವರಾಯನಿಗಿಲ್ಲದ ಪೂಜೆ

ಸಂಸ್ಕೃತದ ಯಮ ಕನ್ನಡದಲ್ಲಿ ಜವನಾಗಿ, ಜನಪದರ ಬಾಯಲ್ಲಿ ಜವರಾಯನಾಗಿದ್ದಾನೆ. ಹಾಡುಗಳಲ್ಲಿ ಅವನು ಬರುತ್ತಾನೆ, ಒಯ್ಯುತ್ತಾನೆ, ಜನರಿಂದ ಬೈಗುಳ ತಿನ್ನುತ್ತಾನೆ. ಆದರೆ ಗ್ರಾಮದೇವತೆಗಳಿಗೆ ಸಲ್ಲುವ ಜಾತ್ರೆ, ಹರಕೆ, ಉಡಿ ತುಂಬುವಿಕೆಗಳು ಅವನಿಗೆ ಸಲ್ಲುವುದಿಲ್ಲ. ಈ ಭಾಗದಲ್ಲಿ ಪ್ರಬಲವಾಗಿರುವ ಲಿಂಗಾಯತ ಪರಂಪರೆಯು ಮರಣವನ್ನು ಲಿಂಗೈಕ್ಯವೆಂದು ಕರೆದು, ಶವವನ್ನು ಕುಳ್ಳಿರಿಸಿ ಸಮಾಧಿ ಮಾಡುವುದರಿಂದ ಯಮಲೋಕದ ಪಯಣಕ್ಕೆ ಅಲ್ಲಿ ಎಡೆಯೇ ಇಲ್ಲ.

ಶಿಷ್ಟ ಕಾವ್ಯದಲ್ಲಿಯೂ ಇದಕ್ಕೆ ಹತ್ತಿರದ ಒಂದು ನಿದರ್ಶನವುಂಟು. ಮುಧೋಳದವನಾದ ರನ್ನನ 'ಗದಾಯುದ್ಧ'ದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ಮರುಳುಗಳು ಅವನನ್ನು ಅಣಕಿಸುತ್ತವೆ. ದ್ರೋಣ, ದುಶ್ಶಾಸನ, ಕರ್ಣರ ದೇಹಗಳೆದುರು ಅವನು ಮರುಗುತ್ತಾನೆ. ಗ್ರೀಕ್ ಮಹಾಕಾವ್ಯದ ಒಡಿಸ್ಯೂಸನು ಮೃತರನ್ನು ಕಾಣಲು ಲೋಕದ ಅಂಚಿಗೆ ಹೋಗಬೇಕಾಯಿತು. ರನ್ನನ ನಾಯಕನಿಗೆ ಮೃತರು ಕಾಲ ಕೆಳಗಿನ ನೆಲದಲ್ಲಿಯೇ ಸಿಕ್ಕರು. ವೈಶಂಪಾಯನ ಸರೋವರದೊಳಗೆ ಅವನು ಇಳಿದರೂ ಅದು ಪಾತಾಳವಲ್ಲ, ಅಡಗುದಾಣ.

ಏಳು ದಿನಗಳ ದೇವರು

ಯಮನಿಗೆ ದೊರೆಯದ ಶೋಕಾಚರಣೆಯು ಈ ನಾಡಿನಲ್ಲಿ ಜೋಕುಮಾರನಿಗೆ ದೊರೆತಿದೆ. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಇವನ ಆಯುಷ್ಯ ಏಳು ದಿನ. ಮಣ್ಣಿನ ಮೂರ್ತಿಯನ್ನು ಬೇವಿನ ಎಲೆ ತುಂಬಿದ ಬುಟ್ಟಿಯಲ್ಲಿಟ್ಟು, ಬಾಯಿಗೆ ಬೆಣ್ಣೆ ಸವರಿ, ಅಂಬಿಗೇರ, ಬಾರಕೇರ ಮೊದಲಾದ ಸಮುದಾಯಗಳ ಮಹಿಳೆಯರು ತಲೆಯ ಮೇಲೆ ಹೊತ್ತು ಮನೆಮನೆಗೆ ಒಯ್ಯುತ್ತಾರೆ. ಅಂಗಳದಲ್ಲಿ ಕುಳಿತು ಅವನ ಕಥೆಯನ್ನು ಹಾಡುತ್ತಾರೆ. ಮನೆಯವರು ಮೊರದಲ್ಲಿ ಜೋಳ, ಉಪ್ಪು, ಮೆಣಸಿನಕಾಯಿ ನೀಡುತ್ತಾರೆ. ಪ್ರತಿಯಾಗಿ ದೊರೆಯುವ ಬೇವಿನ ಎಲೆ, ನುಚ್ಚು-ಅಂಬಲಿಗಳನ್ನು ರೈತರು ಹೊಲದಲ್ಲಿ ಚರಗವಾಗಿ ಚೆಲ್ಲುತ್ತಾರೆ. ಮಕ್ಕಳಿಲ್ಲದವರು ಸಂತಾನಕ್ಕಾಗಿ ಹರಕೆ ಹೊರುವುದೂ ಉಂಟು.

ಕಥೆಯಲ್ಲಿ ಜೋಕುಮಾರನು ಕಾಮುಕ. ಅಗಸರ ಹೆಣ್ಣನ್ನು ಬಯಸಿದ ಕಾರಣ ಅವರಿಂದಲೇ ಹತನಾಗುತ್ತಾನೆ. ಹುಣ್ಣಿಮೆಯ ರಾತ್ರಿ ಮೂರ್ತಿಯನ್ನು ಒನಕೆಯಿಂದ ಬಡಿದು, ಹಳ್ಳದ ದಂಡೆಯ ಅಗಸರ ಕಲ್ಲಿನ ಕೆಳಗೆ ಹಾಕಿ ಬರುವ ವಾಡಿಕೆಯಿದೆ. ಬಳಿಕ ಕೆಲವು ದಿನ ಅಗಸರು ಆ ನೀರಿಗೆ ಬಟ್ಟೆ ಒಗೆಯಲು ಹೋಗುವುದಿಲ್ಲ. ಸತ್ತ ದೇವರಿಗೆ ತಿಥಿಯೂ ನಡೆಯುತ್ತದೆ. ಊರಿನಿಂದ ಊರಿಗೆ ವಿವರಗಳು ಬದಲಾದರೂ ಹೊರುವವರು, ನೀಡುವವರು, ಕೊಲ್ಲುವವರು, ಅಳುವವರು ಯಾರೆಂಬುದು ಆಯಾ ಊರಿನಲ್ಲಿ ನಿಶ್ಚಿತವಾಗಿರುತ್ತದೆ. ಡಾ. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' (1972) ನಾಟಕವು ಈ ಆಚರಣೆಯನ್ನು ಭೂಮಿಯ ಒಡೆತನದ ಪ್ರಶ್ನೆಯೊಂದಿಗೆ ಜೋಡಿಸಿದ್ದು ಸುಪರಿಚಿತ.

ತೌಲನಿಕ ನೋಟ

ಜೇಮ್ಸ್ ಫ್ರೇಜರ್‌ನು 'ದಿ ಗೋಲ್ಡನ್ ಬೋ' (1890) ಗ್ರಂಥದಲ್ಲಿ ತಮ್ಮೂಜ್, ಅಡೋನಿಸ್, ಒಸೈರಿಸ್‌ರನ್ನು ಸತ್ತು ಮರಳುವ ಸಸ್ಯದೇವತೆಗಳೆಂದು ಒಂದೇ ಸೂತ್ರದಲ್ಲಿ ಪೋಣಿಸಿದನು. ಜೊನಾಥನ್ ಸ್ಮಿತ್ 1987ರಲ್ಲಿ ಈ ವರ್ಗೀಕರಣವನ್ನೇ ಪ್ರಶ್ನಿಸಿದರು. ಮೆಟಿಂಗರ್ 2001ರಲ್ಲಿ ಅದನ್ನು ಭಾಗಶಃ ಸಮರ್ಥಿಸಿದರು. ಜೋಕುಮಾರನನ್ನು ಈ ಸಾಲಿಗೆ ಸೇರಿಸುವುದು ಸುಲಭ. ಜೆರುಸಲೇಮಿನ ದೇವಾಲಯದ ಬಾಗಿಲಲ್ಲಿ ತಮ್ಮೂಜನಿಗಾಗಿ ಅಳುತ್ತಿದ್ದ ಸ್ತ್ರೀಯರನ್ನು ಬೈಬಲ್ಲಿನ ಎಜೆಕಿಯೇಲನ ಗ್ರಂಥ ಉಲ್ಲೇಖಿಸುತ್ತದೆ; ಅಡೋನಿಸನಿಗಾಗಿ ಗ್ರೀಕ್ ಸ್ತ್ರೀಯರು ಕುಂಡಗಳಲ್ಲಿ ಬೇಗ ಬಾಡುವ ಸಸಿಗಳನ್ನು ಬೆಳೆಸುತ್ತಿದ್ದರು. ಅಲ್ಪಾಯುಷಿಯಾದ ಯುವದೇವ, ಶೋಕಿಸುವ ಸ್ತ್ರೀಸಮೂಹ, ಧಾನ್ಯದ ಸಂಬಂಧ ಇವು ಎಲ್ಲೆಡೆಯೂ ಕಾಣುತ್ತವೆ.

ಆದರೆ ಸಾಮ್ಯಕ್ಕಿಂತ ವ್ಯತ್ಯಾಸವೇ ಇಲ್ಲಿ ಮುಖ್ಯ. ಸುಮೇರಿಯದ ದುಮುಜಿ (ತಮ್ಮೂಜ್) ಪಾತಾಳಕ್ಕೆ ಇನಾನಾದೇವಿಯ ಬದಲಿಯಾಗಿ ಹೋದವನು. ವರ್ಷದ ಅರ್ಧ ಅವನು, ಇನ್ನರ್ಧ ಅವನ ಸೋದರಿ ಗೆಷ್ಟಿನಾನಾ ಅಲ್ಲಿರಬೇಕು. ಒಸೈರಿಸ್ ಪಾತಾಳದ ದೊರೆ. ಜೋಕುಮಾರನು ಬದಲಿಯೂ ಅಲ್ಲ, ದೊರೆಯೂ ಅಲ್ಲ, ಅವನೊಬ್ಬ ವರದಿಗಾರ. ಚೌತಿಗೆ ಬರುವ ಗಣಪತಿ ಕಡುಬು ತಿಂದು, ಭೂಲೋಕ ಸುಭಿಕ್ಷವಾಗಿದೆಯೆಂದು ಶಿವನಿಗೆ ಹೇಳುತ್ತಾನೆ. ಅವನ ಬೆನ್ನಿಗೆ ಬರುವ ಜೋಕುಮಾರನು ಮಳೆಯಿಲ್ಲದೆ ಬಾಡಿದ ಹೊಲವನ್ನೂ ಬಡವರ ಒಲೆಯನ್ನೂ ಕಂಡು, ಇದ್ದುದನ್ನು ಇದ್ದಂತೆ ಅರುಹುತ್ತಾನೆ. ಆಗ ಶಿವನು ಮಳೆ ಕಳುಹಿಸುತ್ತಾನೆಂಬುದು ನಂಬಿಕೆ. ಅವನ ಮರಣವು ನೆಲದ ಕೆಳಗೆ ಇಳಿಯುವ ದಾರಿಯಲ್ಲ, ದೂರನ್ನು ಮೇಲಕ್ಕೆ ತಲುಪಿಸುವ ದಾರಿ. ಸಾವನ್ನು ಒಂದು ಲೋಕವೆಂದು ಭಾವಿಸದೆ, ಇದ್ದವರ ಪರವಾಗಿ ಸತ್ತವನು ಮಾಡಬೇಕಾದ ಕೆಲಸವೆಂದು ಭಾವಿಸಿರುವುದು ಈ ಜನಪದದ ವಿಶಿಷ್ಟತೆ. ಕೇವಲ 'ಫಲವಂತಿಕೆಯ ದೇವರು' ಎಂಬ ಹಣೆಪಟ್ಟಿಯಲ್ಲಿ ಈ ಅಂಶ ಮರೆಯಾಗುತ್ತದೆ.

ಬದಲಾದ ನೀರು

ಮಳೆಗಾಗಿ ವರದಿ ಒಯ್ಯುವ ಈ ದೇವರ ನಾಡಿನಲ್ಲಿ ನೀರಿನ ಸ್ಥಿತಿಯೇ ಬದಲಾಗಿದೆ. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ಸ್ವಂತ ಹಣ, ಶ್ರಮಗಳಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು. ಇತ್ತ ಬೀಳಗಿ ತಾಲ್ಲೂಕಿನ ಅನೇಕ ಗ್ರಾಮಗಳು ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಮುಳುಗಡೆಯಾದವು. ಮುಳುಗಿದ ಊರಿನೊಡನೆ ಅದರ ಹಳ್ಳ, ಅಗಸರ ಕಲ್ಲುಗಳೂ ಮುಳುಗಿದವು. ಪುನರ್ವಸತಿ ಕೇಂದ್ರದ ನಕ್ಷೆಯಲ್ಲಿ ಮನೆಗೆ ನಿವೇಶನವುಂಟು, ದೇವರು ಸಾಯುವ ಸ್ಥಳಕ್ಕೆ ನಿವೇಶನವಿಲ್ಲ. ನೇಕಾರಿಕೆಯ ಊರುಗಳಾದ ರಬಕವಿ-ಬನಹಟ್ಟಿಗಳಲ್ಲಿ ಹೊಲವಿಲ್ಲದ ಮನೆಯೂ ಮೊರ ತುಂಬಿ ಕೊಟ್ಟರೆ ಆ ಚರಗ ಯಾವ ನೆಲಕ್ಕೆ ಎಂಬುದೂ ವಿಚಾರಾರ್ಹ.

ಆಚರಣೆಯ ಹಾಡುಗಳ ಸಂಗ್ರಹ ಸಾಕಷ್ಟು ನಡೆದಿದೆ. ಇನ್ನು ಆಗಬೇಕಾದುದು ಆ ಹಾಡುಗಳನ್ನು ಹೊತ್ತು ತಿರುಗುವ ಮಹಿಳೆಯರ ಹಕ್ಕು, ಸರದಿ, ಗಳಿಕೆ ಹಾಗೂ ಕೊನೆಯ ರಾತ್ರಿಯ ಸ್ಥಳಗಳ ಊರುವಾರು ದಾಖಲಾತಿ. ಏಕೆಂದರೆ ಗುಡಿಯುಳ್ಳ ದೇವರು ಪೂಜಾರಿಯಿಲ್ಲದೆಯೂ ಗುಡಿಯಲ್ಲಿ ಉಳಿಯಬಲ್ಲನು. ಗುಡಿಯಿಲ್ಲದ ಜೋಕುಮಾರನಿಗೆ ಬುಟ್ಟಿ ಹೊರುವ ತಲೆಯೇ ನೆಲೆ. ಅದು ಇಲ್ಲವಾದ ವರ್ಷ ಅವನು ಸಾಯುವುದಿಲ್ಲ, ಹುಟ್ಟುವುದೇ ಇಲ್ಲ.